ಹಕಾರದ ಹಾಜರಿ

ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ಒತ್ತು ಶ್ಯಾವಿಗೆ. ಪೊಟ್ಟಣದಲ್ಲಿ ಬರುವ ಪಾಯಸದ ಶ್ಯಾವಿಗೆಯಲ್ಲ ಸ್ವಾಮಿ. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಮರದ ಒರಳಿಗೆ ತುಂಬಿ, ಅದರ ಹಿಡಿಯ ಮೇಲೆ ಮನೆಯ ಗಂಡಸನ್ನು ಜೋತುಬೀಳಿಸಿ ಕೆಳಗಿಳಿಸುವ ಶ್ಯಾವಿಗೆ. ಅಡುಗೆಮನೆಯಲ್ಲಿ ನನ್ನ ಮೈತೂಕಕ್ಕೆ ಬೆಲೆ ಬರುವುದು ವರ್ಷಕ್ಕೆ ಎರಡೋ ಮೂರೋ ಸಲ, ಅದೂ ಈ ಒರಳಿನ ದೆಸೆಯಿಂದ. ಅಟ್ಟದಿಂದ ಅದನ್ನು ಇಳಿಸಿ ಒರೆಸುತ್ತಿದ್ದ ನನ್ನ ಹೆಂಡತಿ, “ರೀ, ನಿಮ್ ಇಸ್ಕೂಲು ನೋಡ್ಬನ್ನಿ ಇಲ್ಲಿ” ಎಂದು ಕೂಗಿದಳು. ಹೋಗಿ ನೋಡಿದರೆ ಒರಳಿನ ಕುತ್ತಿಗೆಗೆ ಒಂದು ಕೆಂಪು ರಿಬ್ಬನ್ನು, ಎರಡು ರಬ್ಬರ್ ಬ್ಯಾಂಡು ಇನ್ನೂ ಹಾಗೇ ಸುತ್ತಿಕೊಂಡಿದ್ದವು.

ಅವಳು ಹೇಳಿದ್ದು ಸುಳ್ಳಲ್ಲ. ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿದ್ದ ಕಾಲದಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹೈಸ್ಕೂಲಿನ ಕನ್ನಡ ಮೇಷ್ಟ್ರಾದ ನಾನು ಇಡೀ ಎಂಟನೇ ತರಗತಿಯನ್ನು ನಡೆಸಿದ್ದು ಈ ಒರಳಿನ ಮುಂದೆ ಕೂತು. ಮೊಬೈಲನ್ನು ಕೈಯಲ್ಲಿ ಹಿಡಿದರೆ ಕೈ ನಡುಗಿ ಮಕ್ಕಳಿಗೆ ತಲೆಸುತ್ತು ಬರುತ್ತಿತ್ತು. ನಿಘಂಟಿಗೆ ಒರಗಿಸಿದರೆ ಜಾರಿ ಬೀಳುತ್ತಿತ್ತು. ಕೊನೆಗೆ ಹೆಂಡತಿಯೇ ಒರಳನ್ನು ತಂದು ನಿಲ್ಲಿಸಿ, ಮಗಳ ಹಳೇ ರಿಬ್ಬನ್ನಿನಲ್ಲಿ ಫೋನನ್ನು ಅದಕ್ಕೆ ಬಿಗಿದು, “ಇನ್ನು ಒತ್ಕಳಿ ನಿಮ್ ವ್ಯಾಕರಣವ” ಎಂದಳು.

ಮೊದಲ ದಿನ ಮುಕ್ಕಾಲು ಗಂಟೆ ಸಂಧಿ ಪ್ರಕರಣವನ್ನು ಎಷ್ಟು ಚೆನ್ನಾಗಿ ಹೇಳಿದೆ ಎಂದರೆ, ಇಪ್ಪತ್ತು ವರ್ಷಗಳ ಸರ್ವೀಸಿನಲ್ಲಿ ಅಂಥ ಪಾಠ ಮಾಡಿರಲಿಲ್ಲ. ಪಾಠ ಮುಗಿಯುವ ಹೊತ್ತಿಗೆ ಹೆಂಡತಿಯ ಫೋನಿಗೆ ಒಬ್ಬ ಹುಡುಗಿ ಕರೆ ಮಾಡಿದಳು. “ಮೇಡಮ್ಮೋರೇ, ಸಾರು ಆಗ್ಲಿಂದ ಮೂಟೆ ಆಗ್ಬುಟ್ಟವ್ರೆ.” ಹೆಂಡತಿ ಗಾಬರಿಯಿಂದ ಓಡಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಮ್ಯೂಟ್ ಆಗಿದ್ದೇನೆಂದು ನಮ್ಮಿಬ್ಬರಿಗೂ ತಿಳಿಯಲು ಇನ್ನೂ ಐದು ನಿಮಿಷ ಹಿಡಿಯಿತು. ಮಕ್ಕಳು ಮುಕ್ಕಾಲು ಗಂಟೆ ನನ್ನ ಮೂಕಾಭಿನಯ ನೋಡಿದ್ದರು. ಆ ದಿನದ ಪಾಠ ಚೆನ್ನಾಗಿತ್ತು ಎಂದು ಈಗಲೂ ಕೆಲವರು ಹೇಳುತ್ತಾರೆ.

ಇನ್ನೊಂದು ಫಜೀತಿ ಹೆಸರುಗಳದು. ಫೋನು ಅಪ್ಪಂದಿರದು, ಹಾಗಾಗಿ ಪರದೆಯ ಮೇಲೆ ಬರುವ ಹೆಸರೂ ಅಪ್ಪಂದಿರ ವ್ಯವಹಾರದ್ದೇ. ಆ ವರ್ಷ ಎಂಟನೇ ತರಗತಿಗೆ ಸೇರಿದ ಒಂದು ಮಗುವಿನ ಮುಖವನ್ನೂ ನಾನು ನೋಡಿರಲಿಲ್ಲ. ಡಾಟಾ ಉಳಿಯಲಿ ಎಂದು ಎಲ್ಲರೂ ಕ್ಯಾಮೆರಾ ಮುಚ್ಚಿಕೊಂಡಿರುತ್ತಿದ್ದರು. ನಾನು ಗಂಭೀರವಾಗಿ, “ಚಿಕನ್ ಸೆಂಟರ್, ‘ಊರೂರು’ ಯಾವ ಸಂಧಿಯಪ್ಪಾ?” ಎನ್ನುವುದು, ಚಿಕನ್ ಸೆಂಟರು “ಲೋಪಸಂಧಿ ಸಾ” ಎನ್ನುವುದು, ಹಿಂದಿನಿಂದ ಒಂದು ಕೋಳಿ ಅದನ್ನು ಅನುಮೋದಿಸುವುದು, ಹೀಗೆ ನಡೆಯುತ್ತಿತ್ತು. ಆದರೂ ನನಗೊಂದು ಜಂಬ. ನಮ್ಮ ಹೆಡ್‌ಮಾಸ್ಟರು ಪಾಂಡವಪುರದ ಕಡೆಯವರು, ಸೌಮ್ಯ ಮನುಷ್ಯ. ಅವರು ಫೋನಿನಲ್ಲಿ, “ಮುಖ ನೋಡ್ದೆ ಎಂಗ್ರೀ ಪಾಠ ಮಾಡ್ತೀರಿ?” ಎಂದು ಮರುಗಿದಾಗ ನಾನು ಎದೆಯುಬ್ಬಿಸಿ ಹೇಳಿದ್ದೆ: “ಮುಖ ಯಾಕೆ ಸರ್? ದನಿ ಕೇಳಿದರೆ ಸಾಕು, ಯಾವ ಮಗು ಅಂತ ಹೇಳಿಬಿಡ್ತೀನಿ. ಕನ್ನಡ ಮೇಷ್ಟ್ರ ಕಿವಿ ಸರ್ ಇದು.”

ಈ ಕಿವಿಯ ಕಥೆ ಸ್ವಲ್ಪ ಹೇಳಬೇಕು. ನಮ್ಮ ಸೀಮೆಯಲ್ಲಿ ಹಕಾರ ಎಂಬುದು ಪುಸ್ತಕದಲ್ಲಿ ಮಾತ್ರ ಇರುವ ಅಕ್ಷರ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹೋಗುವವರು ಓಗುತ್ತಾರೆ. ನಾನು ಶೀಳನೆರೆ ಕಡೆಯ ಹಳ್ಳಿಯಲ್ಲಿ ಹಾಗೆಯೇ ಬೆಳೆದವನು. ಮೈಸೂರಿಗೆ ಓದಲು ಹೋದಾಗ ಹಾಸ್ಟೆಲ್ಲಿನ ಹುಡುಗರು ನನ್ನ ಒಂದೊಂದು ಮಾತಿಗೂ ನಕ್ಕರು. ಹಟಕ್ಕೆ ಬಿದ್ದು ಹಕಾರ ಕಲಿತೆ. ಕಲಿತದ್ದು ಹೆಚ್ಚಾಗಿ, ಬೇಡದ ಕಡೆಯಲ್ಲೂ ಹಕಾರ ಬರತೊಡಗಿತು. ಒಂದು ಬೆಳಗ್ಗೆ ಅಡುಗೆಯವರ ಹತ್ತಿರ ಬಹಳ ನಯವಾಗಿ, “ಇವತ್ತು ಹಕ್ಕಿ ರೊಟ್ಟಿ ಇದೆಯಾ?” ಎಂದೆ. ಪಕ್ಕದಲ್ಲಿದ್ದ ಶುದ್ಧ ಸಸ್ಯಾಹಾರಿ ಗೆಳೆಯ ತಟ್ಟೆ ಬಿಟ್ಟು ಎದ್ದುಹೋದ. ಅಂದಿನಿಂದ ಅಕ್ಕಿ ಮತ್ತು ಹಕ್ಕಿಯನ್ನು ಬೇರೆ ಮಾಡುವುದೇ ನನ್ನ ಜೀವನದ ಗುರಿಯಾಯಿತು.

ಮೇಷ್ಟ್ರಾದ ಮೇಲೆ ಕೇಳಬೇಕೇ! ತರಗತಿಯಲ್ಲಿ ನನ್ನ ‘ಅಂಗೈ ಪರೀಕ್ಷೆ’ ಬಹಳ ಪ್ರಸಿದ್ಧ. ಬಾಯಿಯ ಮುಂದೆ ಅಂಗೈ ಹಿಡಿದುಕೊಂಡು ‘ಹಕ್ಕಿ’ ಎನ್ನಬೇಕು. ಅಂಗೈಗೆ ಉಸಿರು ತಗುಲಿದರೆ ಪಾಸು, ಇಲ್ಲದಿದ್ದರೆ ಮತ್ತೆ ಹೇಳು. ಹಾಜರಿ ಕೂಗುವಾಗ ‘ಆಜರ್ ಸಾ’ ಎಂದರೆ ಗೈರುಹಾಜರಿ. ಮಕ್ಕಳು ನನಗೆ ‘ಹ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರಂತೆ. ಆದರೆ ಅವರ ಬಾಯಲ್ಲಿ ಅದು ‘ಆ ಮೇಷ್ಟ್ರು’ ಎಂದೇ ಬರುತ್ತಿದ್ದರಿಂದ, ಹೆಸರು ಹಿಡಿಯದೆ ಎಷ್ಟು ಗೌರವದಿಂದ ‘ಆ ಮೇಷ್ಟ್ರು’ ಎನ್ನುತ್ತಾರಲ್ಲ ಎಂದು ನಾನು ಎಂಟು ವರ್ಷ ಕರಗಿಹೋಗಿದ್ದೆ.

ಇಷ್ಟೆಲ್ಲ ಗೇಲಿ ಮಾಡಿದರೂ ತರಗತಿಯಲ್ಲಿ ಒಂದು ಮಗುವೂ ನನ್ನ ಮೇಲೆ ಮುನಿದದ್ದಿಲ್ಲ. ಯಾಕೆಂದರೆ ಗೇಲಿ ಮಾಡುವಾಗ ನನ್ನ ಮೀಸೆಯ ಕೆಳಗೆ ನಗು ಇರುತ್ತಿತ್ತು. ತಪ್ಪು ಹೇಳಿದವಳು ನಾಲಿಗೆ ಕಚ್ಚಿಕೊಂಡು ನಗುತ್ತಿದ್ದಳು, ತರಗತಿ ನಗುತ್ತಿತ್ತು, ನಾನು ಹೋಗಿ ತಲೆಯ ಮೇಲೊಂದು ಮೆತ್ತಗೆ ಮೊಟಕುತ್ತಿದ್ದೆ, ಅಲ್ಲಿಗೆ ಮುಗಿಯಿತು. ಮಧ್ಯಾಹ್ನ ಅದೇ ಹುಡುಗಿ ಮನೆಯಿಂದ ತಂದ ಸೀಬೆಕಾಯಿಯನ್ನು ಮೇಜಿನ ಮೇಲೆ ಇಟ್ಟು ಓಡುತ್ತಿದ್ದಳು. ಇದೆಲ್ಲ ಮೊಬೈಲಿನಲ್ಲಿ ಹೋಗುವುದಿಲ್ಲ ಎಂದು ಈ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಆ ವರ್ಷದ ಹೊಸಬರಲ್ಲಿ ಹೇಮಾವತಿ ಎಂಬ ಹುಡುಗಿ ಇದ್ದಳು. ಹೇಮಗಿರಿಯ ಹತ್ತಿರದ ಹಳ್ಳಿ, ಅಲ್ಲಿ ಹರಿಯುವ ಹೊಳೆಯ ಹೆಸರನ್ನೇ ಅಪ್ಪ ಮಗಳಿಗೆ ಇಟ್ಟಿದ್ದರು. ಅಪ್ಪ ಬಡಗಿ. ಪರದೆಯ ಮೇಲೆ ಅವಳು ‘ಸಣ್ಣಪ್ಪಾಚಾರ್ ವುಡ್ ವರ್ಕ್ಸ್’. ಒಂದು ದಿನವೂ ತಪ್ಪಿಸಿದವಳಲ್ಲ. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ, ಆದರೆ ಒಂದಕ್ಕೂ ಹಕಾರವಿಲ್ಲ.

ಒಂದು ದಿನ ಹಾಜರಿ ಕೂಗುತ್ತಾ, ಗೊತ್ತಿದ್ದೂ, “ವುಡ್ ವರ್ಕ್ಸ್, ಯಾರಮ್ಮಾ ಅದು, ಹೆಸರು ಹೇಳು” ಎಂದೆ.

“ಏಮಾವತಿ ಸಾ. ಆಜರ್ ಸಾ.”

“ಏಮಾವತಿ ಅನ್ನೋಳು ನಮ್ಮ ಶಾಲೆಯಲ್ಲೇ ಇಲ್ಲವಲ್ಲಮ್ಮಾ! ಅಂಥ ಹೆಸರನ್ನು ಯಾವ ಪುಣ್ಯಾತ್ಮ ಇಟ್ಟನೋ! ಹೊಳೆ ಕೇಳಿಸಿಕೊಂಡರೆ ಹರಿಯುವುದನ್ನೇ ನಿಲ್ಲಿಸೀತು.”

ಹೇಳಿ ಗಹಗಹಿಸಿ ನಕ್ಕೆ. ಆ ಕಡೆಯಿಂದ ಸದ್ದಿಲ್ಲ. ನಲವತ್ತು ಮಕ್ಕಳೂ ಮ್ಯೂಟ್. ನನ್ನ ನಗು ಒಂದೇ ಕೋಣೆಯಲ್ಲಿ ಓಡಾಡಿ ಸುಮ್ಮನಾಯಿತು. ಪರದೆಯ ಮೇಲಿಂದ ಸಣ್ಣಪ್ಪಾಚಾರ್ ವುಡ್ ವರ್ಕ್ಸ್ ಮಾಯವಾಯಿತು. ನೆಟ್‌ವರ್ಕ್ ಹೋಗಿರಬೇಕು ಎಂದುಕೊಂಡು ನಾನು ಪಾಠ ಮುಂದುವರಿಸಿದೆ.

ಮಾರನೆಯ ದಿನ ಅವಳಿಲ್ಲ. ಒಂದು ವಾರ ಇಲ್ಲ. ಮೂರು ವಾರ ಇಲ್ಲ. ಫೋನ್ ಮಾಡಿದರೆ ಅಪ್ಪ, “ಇದಾಳೆ ಸಾ, ಏಳ್ತೀನಿ ಸಾ” ಎಂದು ಇಟ್ಟುಬಿಡುತ್ತಿದ್ದರು. ಓದುವ ಹುಡುಗಿ, ಈ ಸಮಯದಲ್ಲಿ ಶಾಲೆ ತಪ್ಪಿದರೆ ತಪ್ಪಿಯೇ ಹೋದೀತು ಎಂಬ ದಿಗಿಲು ನನಗೆ. ಆದರೂ ಹೆಂಡತಿಯ ಮುಂದೆ ಒಪ್ಪಿಕೊಳ್ಳಬೇಕಲ್ಲ! “ಹಳ್ಳಿಯಲ್ಲಿ ಟವರ್ ಸಿಗಲ್ಲ ಕಣೇ” ಎಂದೆ. ಅವಳು ನಾಗಮಂಗಲದವಳು, ಕಂಡದ್ದನ್ನು ಕಂಡ ಹಾಗೆ ಹೇಳುವವಳು. ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಹಾಗೇ ನಿಲ್ಲಿಸಿದಳು.

“ಟವರೂ ಇಲ್ಲ ಗಿವರೂ ಇಲ್ಲ, ಎಲ್ಲಾ ನಿಮ್ ಬಾಯಿ. ನಾನು ಅಡ್ಗೆಮನೇಲಿ ನಿಂತು ಕೇಳುಸ್ಕಂಡೆ. ನೀವು ತಮಾಸೆಗಂದ್ರಿ ಅಂತ ನಂಗೊತ್ತು. ಆ ಮಗೀಗೆ ಎಂಗ್ ಗೊತ್ತಾಯ್ತದೆ? ಒರಳ ಮೇಲಿರೋ ಫೋನಲ್ಲಿ ಅದ್ಕೆ ಕಾಣ್ಸೋದು ನಿಮ್ ಮೂಗಿನ್ ಒಳ್ಳೆ, ಆಮೇಲೆ ಫ್ಯಾನು. ಓಗಿ ಕರ್ಕಬನ್ನಿ, ಓಗಿ.”

ಇಷ್ಟು ದಿನ ಮಕ್ಕಳು ಫ್ಯಾನಿನ ಕೆಳಗಿರುವ ಎರಡು ಹೊಳ್ಳೆಗಳಿಂದ ವ್ಯಾಕರಣ ಕಲಿಯುತ್ತಿದ್ದರೆಂದು ನನಗೆ ಗೊತ್ತಾಗಿದ್ದು ಆಗ. ಹೊಳ್ಳೆಯನ್ನು ಅವಳು ‘ಒಳ್ಳೆ’ ಎಂದದ್ದನ್ನು ಗಮನಿಸಿದೆ. ಮನೆಯಲ್ಲಿ ತಿದ್ದುವ ಧೈರ್ಯ ನನಗಿಲ್ಲ.

ಓಡಾಟಕ್ಕೆ ಸ್ವಲ್ಪ ಸಡಿಲ ಸಿಕ್ಕಿದ ಕೂಡಲೇ ಮಾಸ್ಕು ಕಟ್ಟಿಕೊಂಡು ಗಾಡಿ ಹತ್ತಿದೆ. ಹಳ್ಳಿಯ ಕೊನೆಯಲ್ಲಿ ಒಂದು ತಗಡಿನ ಶೆಡ್ಡು, ಅದರ ಹಿಂದೆ ಮನೆ. ಶೆಡ್ಡಿನ ನೆರಳಲ್ಲಿ ಒಬ್ಬ ಹುಡುಗಿ ಧೂಳಿಗೆಂದು ಮೂಗು ಬಾಯಿ ಮುಚ್ಚುವಂತೆ ದುಪಟ್ಟಾ ಕಟ್ಟಿಕೊಂಡು, ಬಾಗಿಲಿನ ಹಲಗೆಯೊಂದನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ನನ್ನ ದನಿ ಕೇಳಿದ್ದೇ ಅವಳ ಕೈ ನಿಂತಿತು.

“ಹೇಮಾವತಿ ಇದ್ದಾಳೇನಮ್ಮಾ? ನಾನು ಅವಳ ಕನ್ನಡ ಮೇಷ್ಟ್ರು.”

ಹುಡುಗಿ ಎದ್ದು ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: “ಹೇಮಾವತಿ ಹೊರಗಡೆ ಹೋಗಿದ್ದಾಳೆ ಸರ್. ಹಿಂದಿನ ಹಿತ್ತಲಿನಲ್ಲಿ ಹಸುವಿಗೆ ಹುಲ್ಲು ಹಾಕುವುದಕ್ಕೆ ಹೋಗಿರಬಹುದು.”

ಆಹಾ! ಒಂದಲ್ಲ, ಎರಡಲ್ಲ, ಹತ್ತು ಹಕಾರ! ಒಂದೊಂದೂ ಅಂಗೈ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಬಿಸಿಲಲ್ಲಿ ಬಂದ ಆಯಾಸವೆಲ್ಲ ಹೋಯಿತು. ನನಗೆ ಮಾತು ಉಕ್ಕಿ ಬಂತು.

“ನೀನು ಯಾರಮ್ಮಾ, ಈ ಮನೆಗೆ ನೆಂಟಳಾ? ಮೈಸೂರು ಕಡೆಯವಳಿರಬೇಕು.”

“ಹೌದು ಸರ್.”

“ನೋಡಿದೆಯಾ, ಗೊತ್ತಾಯಿತು! ದನಿ ಕೇಳಿದರೆ ಹೇಳಿಬಿಡ್ತೀನಿ ನಾನು. ಎಷ್ಟು ಸ್ವಚ್ಛವಾಗಿ ಮಾತಾಡ್ತೀಯಮ್ಮ! ಆ ಹೇಮಾವತಿಗೂ ಸ್ವಲ್ಪ ಹೇಳಿಕೊಡು. ಅವಳ ಬಾಯಲ್ಲಿ ಹಕಾರವೇ ಹೊರಡಲ್ಲ. ತಮಾಷೆಗೆ ಒಂದು ಮಾತು ಅಂದರೆ ಕ್ಲಾಸನ್ನೇ ಬಿಟ್ಟು ಕೂತಿದ್ದಾಳೆ. ಇಷ್ಟು ಚಿಕ್ಕ ವಯಸ್ಸಿಗೆ ಅಷ್ಟು ಬಿಗುಮಾನ ಇರಬಾರದು.”

ಹುಡುಗಿ ತಲೆ ತಗ್ಗಿಸಿಕೊಂಡು ಕೇಳಿದಳು. ಅಷ್ಟರಲ್ಲಿ ಮನೆಯೊಳಗಿಂದ ಸಣ್ಣಪ್ಪಾಚಾರ್ಯರು ಮೈಮೇಲಿನ ಮರದ ಪುಡಿ ಕೊಡವುತ್ತಾ ಬಂದರು. “ಓಹೋ, ಮೇಷ್ಟ್ರು! ಬನ್ನಿ ಸಾ, ಬನ್ನಿ. ಲೇ ಪಾಪು, ಮೇಷ್ಟ್ರಿಗೆ ಕುರ್ಚಿ ತಂದಾಕವ್ವ. ಇವ್ಳೇ ಸಾ ನಿಮ್ ಶಿಷ್ಯೆ, ನನ್ ಮಗ್ಳು. ಕೂತ್ಕಳಿ, ಕಾಪಿ ಮಾಡುಸ್ತೀನಿ” ಎಂದವರೇ ಒಳಗೆ ಹೋದರು.

ನನಗೆ ಆ ಹಲಗೆಯ ಹಿಂದೆ ಅಡಗಿಕೊಳ್ಳಬೇಕೆನಿಸಿತು. ಹುಡುಗಿ ಕುರ್ಚಿ ತಂದು ಹಾಕಿದಳು. ದುಪಟ್ಟಾ ಕೆಳಗಿಳಿಸಿದಳು. ಕನ್ನಡ ಮೇಷ್ಟ್ರ ಕಿವಿ ಎರಡೂ ಕೆಂಪಾಗಿ ಸುಡುತ್ತಿದ್ದವು.

“ನಿನಗೆ ಬರುತ್ತಲ್ಲಮ್ಮಾ” ಎಂದೆ. ಬೇರೇನು ಹೇಳಲಿ?

“ಬರ್ತದೆ ಸಾ. ಏಳ್ನೇ ಕ್ಲಾಸಲ್ಲೇ ಬತ್ತಿತ್ತು.”

“ಮತ್ತೆ ಯಾಕಮ್ಮಾ ಅಲ್ಲಿ ಹಾಗೆ ಹೇಳುತ್ತಿದ್ದೆ?”

ಅವಳು ಮನೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ನಿಮ್ ಕ್ಲಾಸ್ ಟೈಮಲ್ಲಿ ಅಪ್ಪ ಮಿಸಿನ್ನು ನಿಲ್ಸಿ ನನ್ ಪಕ್ದಲ್ಲೇ ಕೂತ್ಕಂಡಿರ್ತಿದ್ರು ಸಾ. ಅವ್ರಿಗೆ ನಿಮ್ ಪಾಠ ಅಂದ್ರೆ ಇಷ್ಟ. ಅಪ್ಪ ನನ್ನ ಏಮಾ ಅಂತಾರೆ. ಅವ್ರ ಮುಂದ್ಗಡೆ ನಾನು ಬೇರೆ ತರ ಏಳುದ್ರೆ, ಅವ್ರು ಅನ್ನಾದು ತಪ್ಪು ಅಂದಂಗೆ ಆಯ್ತದಲ್ವಾ ಸಾ?”

ನಾನು ಕುರ್ಚಿಯಲ್ಲಿ ಕೂತೆ.

“ಅಂಥ ಎಸ್ರ ಯಾವ್ ಪುಣ್ಯಾತ್ಮ ಇಟ್ಟ ಅಂದ್ರಲ್ಲ ಸಾ, ಅವ್ರು ಅಲ್ಲೇ ಕೂತಿದ್ರು. ನಾನು ಫೋನ್ ಆಪ್ ಮಾಡ್ಬುಟ್ಟೆ. ಅವತ್ತಿಂದ ಅಪ್ಪ ನನ್ನ ಎಸ್ರಿಡ್ದು ಕರೆಯಾದೇ ಬುಟ್ಬುಟ್ಟವ್ರೆ ಸಾ. ಪಾಪು ಅಂತಾರೆ. ಇಲ್ದಿದ್ರೆ ಇವ್ಳೇ ಅಂತಾರೆ.” ಅವಳು ಹಲಗೆಯ ಮೇಲಿನ ಪುಡಿಯನ್ನು ಅಂಗೈಯಿಂದ ಒರೆಸಿದಳು. “ನಂಗೆ ಕ್ಲಾಸ್ ಬ್ಯಾಡ ಸಾ. ಅಪ್ಪ ಮೊದ್ಲಿನಂಗೆ ಕರುದ್ರೆ ಸಾಕು.”

ಹದಿಮೂರು ವರ್ಷದ ಮಗು. ಇಪ್ಪತ್ತು ವರ್ಷ ಅಕ್ಷರ ಕಲಿಸಿದ್ದೇನೆ ಎಂದು ಮೆರೆಯುತ್ತಿದ್ದವನು ಒಬ್ಬ ಅಪ್ಪನ ಬಾಯಿಂದ ಅವನ ಮಗಳ ಹೆಸರನ್ನೇ ಕಿತ್ತುಕೊಂಡಿದ್ದೆ, ಅದೂ ಒಂದು ಹಾಳು ಜೋಕಿಗಾಗಿ.

ಆಚಾರ್ಯರು ಕಾಫಿ ತಂದರು. ನಾನು ಎದ್ದು ನಿಂತು, “ಯಜಮಾನರೇ, ನನ್ನಿಂದ ತಪ್ಪಾಗಿದೆ” ಎಂದು ಶುರುಮಾಡಿದೆ.

“ಅಯ್ಯೋ, ಬುಡಿ ಸಾ. ಕೂತ್ಕಳಿ. ನೀವ್ ಕಲ್ತೋರು, ಸರ್ಯಾಗೇ ಏಳಿದ್ರಿ. ನಮ್ ನಾಲ್ಗೆ ಇಂಗೇ ತಿರುಗ್ಬುಟ್ಟದೆ. ಈ ಮಗು ನಾಳೆ ದಿನ ಎಲ್ಲೋ ದೊಡ್ಡೋರ ಮುಂದೆ ನಿಂತ್ಕತದೆ. ಅಪ್ಪನ ಬಾಯ್ ಕೇಳಿ ಕೇಳಿ ತನ್ ಎಸ್ರನ್ನೇ ತಪ್ಪೇಳ್ಬಾರ್ದಲ್ಲ ಸಾ. ಅದ್ಕೇ ನಾನೇ ಸುಮ್ಕಾಗ್ಬುಟ್ಟೆ.” ಅವರು ಕೋಪದಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಗುತ್ತಾ ಹೇಳಿದರು.

ನನ್ನ ಬಾಯಿಂದ ಆಗ ಬಂದ ಮಾತು ಪಾಠದ ಕನ್ನಡವಲ್ಲ. “ಆಚಾರ್ರೇ, ನಂದೂ ಶೀಳನೆರೆ ಕಡೆ ನಾಲ್ಗೆಯೇ ಕಣ್ರೀ. ನನ್ ಎಸ್ರು ಹನುಮಂತೇಗೌಡ. ನಮ್ಮವ್ವ ಸಾಯೋಗಂಟ ಅನ್ಮಂತ ಅಂತ್ಲೇ ಕರುದ್ಲು. ಅದ್ರಿಂದ ನಂಗ್ಯಾವ ಕೊರ್ತೆಯೂ ಆಗ್ನಿಲ್ಲ. ಈಗ ಅಂಗೆ ಕರೆಯೋರೇ ಇಲ್ವಲ್ಲ ಅನ್ನಾದೇ ಒಂದ್ ಕೊರ್ತೆ. ನೀವು ನಿಮ್ ಮಗ್ಳ ಎಸ್ರ ಬುಡ್ಬ್ಯಾಡಿ.”

ಹುಡುಗಿ ಕಣ್ಣರಳಿಸಿ ನನ್ನನ್ನೇ ನೋಡಿದಳು. ಆಚಾರ್ಯರು “ಕಾಪಿ ಆರೋಯ್ತದೆ ಕುಡೀರಿ ಸಾ” ಎಂದರು. ಅಷ್ಟೇ. ನಾನು ಹೊರಡುವಾಗಲೂ ಮಗಳಿಗೆ, “ಪಾಪು, ಮೇಷ್ಟ್ರಿಗೆ ಟಾಟಾ ಮಾಡವ್ವ” ಎಂದರು.

ಮರುದಿನ ವುಡ್ ವರ್ಕ್ಸ್ ಪರದೆಗೆ ಬಂತು. ‘ಆಜರ್ ಸಾ’ ಎಂದಳು, ಹಾಜರಿ ಹಾಕಿದೆ. ಆ ಮೇಲೆ ಯಾರು ಏನೆಂದರೂ ಹಾಕಿದೆ. ಅಂಗೈ ಪರೀಕ್ಷೆ ನಿಂತುಹೋಯಿತು. ಆಚಾರ್ಯರು ಮಾತ್ರ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಪಾಠದ ಹಿಂದೆ ದೂರದಲ್ಲಿ ಮರ ಹೆರೆಯುವ ಉಜ್ಜುಗೊರಡಿನ ಸದ್ದು ಕೇಳಿಸುತ್ತಿತ್ತು. ಶನಿವಾರಗಳಲ್ಲಿ ಎಲ್ಲರೂ ಹೊರಟ ಮೇಲೆ ಅವಳೊಬ್ಬಳು ಉಳಿಯುತ್ತಿದ್ದಳು. ನಾನು ಮೆಲ್ಲಗೆ, “ಕರೆದರೇನಮ್ಮಾ?” ಎನ್ನುತ್ತಿದ್ದೆ. “ಇಲ್ಲ ಸಾ” ಎನ್ನುತ್ತಿದ್ದಳು. ಗುರುಶಿಷ್ಯರ ನಡುವೆ ಬೇರೆ ಮಾತಿಲ್ಲ. ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿ, ನನ್ನ ಮುಖ ಕಂಡು, ಏನೂ ಅನ್ನದೆ ಹೋಗುತ್ತಿದ್ದಳು. ಅವಳು ಏನೂ ಅನ್ನುತ್ತಿಲ್ಲ ಎಂದರೆ ನನ್ನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ.

ತಿಂಗಳುಗಳಾದ ಮೇಲೆ ಶಾಲೆಯ ಬಾಗಿಲು ತೆರೆಯಿತು. ಮೊದಲ ದಿನ ನಾನು ಜಗಲಿಯ ಮೇಲೆ ನಿಂತಿದ್ದೆ. ಮೈದಾನದ ತುಂಬ ಒಂದೇ ಬಣ್ಣದ ಬಟ್ಟೆ, ಒಂದೇ ಬಣ್ಣದ ಮಾಸ್ಕು, ಎಣ್ಣೆ ಹಚ್ಚಿ ಬಾಚಿದ ಎರಡೆರಡು ಜಡೆ. ಯಾರು ಯಾರೆಂದು ಹೆತ್ತವರಿಗೂ ತಿಳಿಯುವಂತಿರಲಿಲ್ಲ. ಆಚಾರ್ಯರು ಮಗಳನ್ನು ಇಳಿಸಿ ಹೊರಟವರು ಗಾಡಿ ತಿರುಗಿಸಿಕೊಂಡು ವಾಪಸು ಬಂದರು. ಊಟದ ಡಬ್ಬಿ ಗಾಡಿಯ ಕೊಕ್ಕೆಯಲ್ಲೇ ಉಳಿದುಹೋಗಿತ್ತು. ಡಬ್ಬಿ ಹಿಡಿದು ಗೇಟಿನಲ್ಲಿ ನಿಂತು ಆ ಮಕ್ಕಳ ರಾಶಿಯಲ್ಲಿ ಕಣ್ಣಾಡಿಸಿದರು.

“ಪಾಪೂ!” ಎಂದು ಕೂಗಿದರು.

ಇಪ್ಪತ್ತು ಹುಡುಗಿಯರು ತಿರುಗಿ ನೋಡಿದರು. ಯಾವ ಮನೆಯಲ್ಲಿ ಹೆಣ್ಣುಮಗಳು ಪಾಪು ಅಲ್ಲ? ಅವರ ಮಗಳು ಮಾತ್ರ ತಿರುಗಲಿಲ್ಲ. ಅಪ್ಪ ಇಳಿಸಿದಾಗಿನಿಂದ ನಾನು ಅವಳ ಮೇಲೆ ಕಣ್ಣಿಟ್ಟಿದ್ದೆ, ಮೈದಾನದ ಆ ತುದಿಯಲ್ಲಿ ಗೆಳತಿಯರ ಜೊತೆ ಮಾತಿನಲ್ಲಿ ಮುಳುಗಿದ್ದಳು. “ಪಾಪೂ, ಏ ಇವ್ಳೇ!” ಎಂದರು ಮತ್ತೆ. ಆಗ ಗಂಟೆ ಹೊಡೆಯಿತು. ಮಕ್ಕಳು ಒಳಗೆ ನುಗ್ಗತೊಡಗಿದರು. ಆಚಾರ್ಯರು ಬಾಯಿ ತೆರೆದರು, ಜಗಲಿಯ ಮೇಲಿದ್ದ ನನ್ನನ್ನು ಕಂಡರು, ಬಾಯಿ ಮುಚ್ಚಿದರು.

ನಾನು ಬೆನ್ನು ತಿರುಗಿಸಿ ಗೋಡೆಯ ನೋಟೀಸ್ ಬೋರ್ಡನ್ನು ಓದತೊಡಗಿದೆ. ಅದರ ಮೇಲೆ ಎರಡು ಗುಂಡುಸೂಜಿ ಬಿಟ್ಟರೆ ಏನೂ ಇರಲಿಲ್ಲ. ಅವನ್ನೇ ಬಹಳ ಶ್ರದ್ಧೆಯಿಂದ ಓದಿದೆ.

“ಏಮಾ! ಲೇ ಏಮಾವತೀ!”

ಇಡೀ ಮೈದಾನಕ್ಕೆ ಕೇಳಿಸುವ ದನಿ. ಯಾರೂ ನಗಲಿಲ್ಲ. “ಬಂದೇ ಕಣಪ್ಪಾ!” ಎಂಬ ಕೂಗು, ಅದರ ಹಿಂದೆಯೇ ನನ್ನ ಬೆನ್ನ ಹಿಂದಿನಿಂದ ಗೇಟಿನ ಕಡೆಗೆ ಧಡಧಡ ಓಡುವ ಹೆಜ್ಜೆಗಳು. ಅವು ಗೇಟು ಮುಟ್ಟಿ ನಿಂತವು ಎಂದು ಖಾತ್ರಿಯಾಗುವವರೆಗೂ ನಾನು ತಿರುಗಲಿಲ್ಲ.